ಒಂದು ಚುಕ್ಕೆಗೆ ನಾಲ್ಕು ಚದರ ಕಿಲೋಮೀಟರ್: ಕಪ್ಪೆಯ ಕೆಂಪು ಪಟ್ಟಿ ಕೆಲಸದಲ್ಲಿ ನಮ್ಮ ಅನುಭವ

ಹಳೆಯ ಫೀಲ್ಡ್ ನೋಟ್‌ಬುಕ್ಕಿನಲ್ಲಿ ಕೊಟ್ಟಿಗೆಹಾರದ ಕಡೆಯ ಒಂದು ಹಳ್ಳದ ಅಕ್ಷಾಂಶ 13 ಡಿಗ್ರಿ 07 ಮಿನಿಟು 30 ಸೆಕೆಂಡು ಎಂದು ಬರೆದಿದೆ ಅಂದುಕೊಳ್ಳಿ. ಎಕ್ಸೆಲ್‌ಗೆ ಹಾಕುವಾಗ ಕೈ ತಾನಾಗಿ 13.0730 ಎಂದು ಟೈಪ್ ಮಾಡಿಬಿಡುತ್ತದೆ. ಸರಿಯಾದ ಅಂಕಿ 13.1250. ಮಿನಿಟನ್ನು 60ರಿಂದ, ಸೆಕೆಂಡನ್ನು 3600ರಿಂದ ಭಾಗಿಸಿ ಕೂಡಬೇಕಿತ್ತು. ನೋಡಲು ಚಿಕ್ಕ ತಪ್ಪು, ನೆಲದ ಮೇಲೆ ಸುಮಾರು 5.7 ಕಿ.ಮೀ. ಘಟ್ಟದಲ್ಲಿ ಅಷ್ಟು ದೂರ ಸರಿದರೆ ಕಣಿವೆ ಬದಲಾಗುತ್ತದೆ, ಹಳ್ಳ ಬದಲಾಗುತ್ತದೆ, ಒಮ್ಮೊಮ್ಮೆ ಜಿಲ್ಲೆಯೇ ಬದಲಾಗುತ್ತದೆ. ಹೆಬ್ಬೆರಳಿನಷ್ಟು ಉದ್ದದ ಕಪ್ಪೆಗೆ ಅದು ಬೇರೆ ದೇಶ.

ಪಶ್ಚಿಮ ಘಟ್ಟದ ಕಪ್ಪೆಗಳ ಕೆಂಪು ಪಟ್ಟಿ ಮೌಲ್ಯಮಾಪನಕ್ಕೆ ಮಾಹಿತಿ ಹೊಂದಿಸುವ ಕೆಲಸದ ಮುಕ್ಕಾಲು ಪಾಲು ಬೆಂಗಳೂರಿನಲ್ಲಿ, ಮೇಜಿನ ಮುಂದೆ ನಡೆಯುತ್ತದೆ. ಕಪ್ಪೆ ಇರುವುದು ಮಲೆನಾಡಿನಲ್ಲಿ, ಅದರ ದರ್ಜೆ ಕೆಡುವುದು ಇಲ್ಲಿ. ಹಾಗಾಗಿ ಎಲ್ಲೆಲ್ಲಿ ಕೆಡುತ್ತದೆ ಎಂಬುದನ್ನೇ ಹೆಚ್ಚು ಬರೆದಿದ್ದೇವೆ. ಕೆಂಪು ಪಟ್ಟಿ ಎಂದರೆ ಯಾವ ಜೀವಿ ಅಳಿವಿಗೆ ಎಷ್ಟು ಹತ್ತಿರದಲ್ಲಿದೆ ಎಂದು ದರ್ಜೆ ಕೊಡುವ, ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ ಐಯುಸಿಎನ್‌ನ ಪಟ್ಟಿ. 2023ರ ಅಕ್ಟೋಬರಿನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಎರಡನೇ ಜಾಗತಿಕ ಉಭಯಚರ ಮೌಲ್ಯಮಾಪನ 8,011 ಪ್ರಭೇದಗಳನ್ನು ನೋಡಿ, ಅವುಗಳಲ್ಲಿ ಶೇ. 40.7ರಷ್ಟು ಅಪಾಯದಲ್ಲಿವೆ ಎಂದಿತು. ಆ ಶೇಕಡಾವಾರಿನ ಹಿಂದೆ ಇರುವುದು, ಕಪ್ಪೆ ಸಿಕ್ಕ ಜಾಗಕ್ಕೆ ನಕ್ಷೆಯಲ್ಲಿ ಇಡುವ ಇಂಥ ಚುಕ್ಕೆಗಳೇ.

ಮೊದಲು ಹೆಸರಿನ ತಕರಾರು ಬಗೆಹರಿಯಬೇಕು. ಕೊಟ್ಟಿಗೆಹಾರದ ಕುಣಿಯುವ ಕಪ್ಪೆಯನ್ನೇ ತೆಗೆದುಕೊಳ್ಳಿ. ಹಳ್ಳದ ಬಂಡೆಯ ಮೇಲೆ ಕೂತು ಹಿಂಗಾಲನ್ನು ಚಾಚಿ ಬಾವುಟ ಬೀಸಿದ ಹಾಗೆ ಬೀಸುವ ಮೈಕ್ರಿಕ್ಸಾಲಸ್ ಕುಲದ ಗಂಡು ಇದು. ಇದಕ್ಕೆ 1937ರಲ್ಲಿ ಹೆಸರಿಟ್ಟವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಣಿಶಾಸ್ತ್ರ ಪ್ರಾಧ್ಯಾಪಕ ಸಿ.ಆರ್. ನಾರಾಯಣ ರಾವ್. ಆಗ ಕೊಟ್ಟಿಗೆಹಾರ ಕಡೂರು ಜಿಲ್ಲೆಯಲ್ಲಿತ್ತು. ರಾವ್ ಅವರು ವರ್ಣಿಸಿದ ಮೂಲ ಮಾದರಿಗಳು ಕಾಲೇಜಿನಲ್ಲಿದ್ದವು, ಆಮೇಲೆ ಕಳೆದುಹೋದವು. 2014ರಲ್ಲಿ ಇಡೀ ಕುಲವನ್ನು ಪರಿಷ್ಕರಿಸಿದಾಗ ಒಂದೇ ಪ್ರಬಂಧದಲ್ಲಿ 14 ಹೊಸ ಪ್ರಭೇದಗಳು ಬಂದವು. ಅಂದರೆ 2014ಕ್ಕೆ ಮೊದಲು ಯಾರಾದರೂ ಅದೇ ಕುಲದ ಇನ್ನೊಂದು ಪ್ರಭೇದದ ಹೆಸರಿನಲ್ಲಿ, ‘ಮೈಕ್ರಿಕ್ಸಾಲಸ್ ಸ್ಯಾಕ್ಸಿಕೋಲ’ ಎಂದು ಬರೆದಿಟ್ಟ ದಾಖಲೆ ಇವತ್ತಿನ ಲೆಕ್ಕದಲ್ಲಿ ಆ ಕುಲದ ಬೇರೆ ಯಾವ ಕಪ್ಪೆಯೂ ಆಗಿರಬಹುದು. ಅದನ್ನು ಹಾಗೇ ಸೇರಿಸಿದರೆ ಒಂದು ಪ್ರಭೇದದ ಹರವಿನೊಳಗೆ ಮೂರು ಪ್ರಭೇದಗಳ ಹರವು ಬಂದು ಕೂರುತ್ತದೆ, ಕಪ್ಪೆ ಕ್ಷೇಮವಾಗಿದೆ ಎಂಬ ಸುಳ್ಳು ಸಮಾಧಾನ ಸಿಗುತ್ತದೆ. ನಾವು 2014ರ ಹಿಂದಿನ ದಾಖಲೆಗಳಿಗೆ ಬೇರೆ ಬಣ್ಣ ಹಚ್ಚಿ ಪಕ್ಕಕ್ಕಿಡುತ್ತೇವೆ. ಫೋಟೊ, ಧ್ವನಿ ಅಥವಾ ಡಿಎನ್‌ಎ, ಈ ಮೂರರಲ್ಲಿ ಒಂದಾದರೂ ಇದ್ದರೆ ಒಳಗೆ, ಇಲ್ಲದಿದ್ದರೆ ಹೊರಗೆ.

ಫೋಟೊ ಎಂದೆವಲ್ಲ, ವಾರಾಂತ್ಯಕ್ಕೆ ಆಗುಂಬೆ, ಕುದುರೆಮುಖದ ಕಡೆ ಹೋಗಿ ಬರುವವರಿಗೆ ಒಂದು ಮಾತು. ಮುಖದ ಕ್ಲೋಸಪ್ ಎಷ್ಟೇ ಚೆನ್ನಾಗಿ ಬಂದರೂ ನಮಗೆ ಅರ್ಧ ಉಪಯೋಗ. ಹಿಂಗಾಲಿನ ಬೆರಳುಗಳ ನಡುವಿನ ಪೊರೆ ಎಲ್ಲಿಯವರೆಗೆ ಬಂದಿದೆ, ಬೆರಳ ತುದಿಯ ತಟ್ಟೆ ಎಷ್ಟು ಅಗಲ, ಪಕ್ಕೆಯ ಬಣ್ಣ ಏನು, ಕೂತ ಜಾಗ ಬಂಡೆಯೋ ಎಲೆಯೋ, ಇಷ್ಟು ಕಾಣುವ ಮೂರು ಫೋಟೊ ಸಾಕು. ಹಿಡಿಯುವ ಅಗತ್ಯವಿಲ್ಲ. ಕೈಗೆ ಸೊಳ್ಳೆ ಔಷಧಿ ಹಚ್ಚಿಕೊಂಡವರಂತೂ ಮುಟ್ಟಲೇಬಾರದು, ಕಪ್ಪೆಯ ಚರ್ಮ ಅದನ್ನು ಹೀರಿಕೊಳ್ಳುತ್ತದೆ.

ಅನುಮತಿಯ ಕೆಲಸ ಮಲ್ಲೇಶ್ವರ 18ನೇ ಕ್ರಾಸಿನ ಅರಣ್ಯ ಭವನದಿಂದ ಶುರು. ರಾಷ್ಟ್ರೀಯ ಉದ್ಯಾನ, ಅಭಯಾರಣ್ಯದೊಳಗೆ ಅಧ್ಯಯನವೆಂದರೆ ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆ ಬೇಕು, ಅದರ ಪ್ರತಿ ಹಿಡಿದು ಉಪ ಅರಣ್ಯ ಸಂರಕ್ಷಣಾಧಿಕಾರಿಗಳ (ಡಿಸಿಎಫ್) ಕಚೇರಿ, ಆಮೇಲೆ ವಲಯ ಕಚೇರಿ. ಅರ್ಜಿಯಲ್ಲಿ ವಲಯಗಳ ಹೆಸರು, ದಿನಾಂಕ, ಬರುವವರೆಲ್ಲರ ಗುರುತಿನ ಚೀಟಿ, ಮಾದರಿ ಸಂಗ್ರಹಿಸುತ್ತೀರೋ ಇಲ್ಲವೋ, ಇಷ್ಟೂ ಇರಬೇಕು. ‘ರಾತ್ರಿ ಸಮೀಕ್ಷೆ’ ಎಂಬ ಪದವನ್ನು ಮೊದಲೇ ಬರೆಯದಿದ್ದರೆ ಗೇಟಿನಲ್ಲಿ ಸಂಜೆ ಆರಕ್ಕೆ ಕೆಲಸ ಮುಗಿಯುತ್ತದೆ. ಜೂನ್ ಮಳೆಗೆ ಹೋಗಬೇಕಾದರೆ ಸಂಕ್ರಾಂತಿ ಕಳೆದ ಕೂಡಲೇ ಅರ್ಜಿ ಹಾಕುವುದು ಕ್ಷೇಮ.

ಹೊರಡುವ ಹಿಂದಿನ ದಿನ ಬೂಟು ತೊಳೆಯುವುದು. ಇದು ಶಾಸ್ತ್ರಕ್ಕೆ ಮಾಡುವ ಕೆಲಸ ಅಲ್ಲ. ಕಪ್ಪೆಗಳ ಚರ್ಮಕ್ಕೆ ಅಂಟುವ ಕೈಟ್ರಿಡ್ ಶಿಲೀಂಧ್ರ ಒದ್ದೆ ಮಣ್ಣು, ಒದ್ದೆ ಬಲೆ, ಒದ್ದೆ ಬೂಟಿನ ಮೂಲಕ ಹಳ್ಳದಿಂದ ಹಳ್ಳಕ್ಕೆ ಹೋಗಬಲ್ಲದು, ಪಶ್ಚಿಮ ಘಟ್ಟದ ಕಪ್ಪೆಗಳಲ್ಲೂ ಅದು ಪತ್ತೆಯಾಗಿದೆ. ಮೊದಲು ಗಟ್ಟಿ ಬ್ರಷ್ಷಿನಿಂದ ಮಣ್ಣನ್ನು ಪೂರ್ತಿ ತೆಗೆಯಬೇಕು, ಅಟ್ಟೆಯ ಸಂದಿಯನ್ನೂ ಬಿಡಬಾರದು. ಮಣ್ಣು, ಎಲೆಚೂರು ಉಳಿದರೆ ಬ್ಲೀಚಿನಲ್ಲಿರುವ ಹೈಪೋಕ್ಲೋರೈಟ್‌ನ ಶಕ್ತಿ ಅದರ ಮೇಲೇ ಖರ್ಚಾಗಿಬಿಡುತ್ತದೆ. ಆಮೇಲೆ ಅಂಗಡಿಯ ಬ್ಲೀಚ್ ದ್ರಾವಣ ಒಂದು ಪಾಲು, ನೀರು ಒಂಬತ್ತು ಪಾಲು ಬೆರೆಸಿ, ಅದರಲ್ಲಿ 10 ನಿಮಿಷ ನೆನೆಸಿ, ಸಿಹಿನೀರಿನಲ್ಲಿ ತೊಳೆದು ಒಣಗಿಸುವುದು. ದ್ರಾವಣ ಅವತ್ತಿನದು ಅವತ್ತೇ ಮಾಡಬೇಕು, ಬೆಳಕಿಗೆ ಇಟ್ಟದ್ದು ಸಪ್ಪೆಯಾಗುತ್ತದೆ. ಫೀಲ್ಡಿನಲ್ಲಿ ಒಂದು ಹಳ್ಳ ಮುಗಿಸಿ ಇನ್ನೊಂದಕ್ಕೆ ಹೋಗುವಾಗಲೂ ಇದೇ ಕ್ರಮ, ಆದರೆ ಬಳಸಿದ ದ್ರಾವಣವನ್ನು ಹಳ್ಳದಿಂದ ದೂರ ಸುರಿಯಬೇಕು. ಜುಲೈನಲ್ಲಿ ಬೆಂಗಳೂರಿನ ತಾರಸಿಯಲ್ಲೂ ಬಿಸಿಲು ನೆಚ್ಚುವ ಹಾಗಿಲ್ಲ, ಆದ್ದರಿಂದ ನಾವು ಒಬ್ಬೊಬ್ಬರಿಗೆ ಎರಡು ಜೊತೆ ಗಂಬೂಟು ಇಟ್ಟಿದ್ದೇವೆ. ಉಂಬಳಕ್ಕೆಂದು ಬೂಟಿನ ಮೇಲೆ ಉಪ್ಪು, ನಶ್ಯ ಉಜ್ಜಿಕೊಳ್ಳುವ ರೂಢಿ ಇದೆಯಲ್ಲ, ಹಳ್ಳಕ್ಕೆ ಇಳಿಯುವಾಗ ಅದೂ ಬೇಡ. ಬಿಗಿ ನೇಯ್ಗೆಯ ಉಂಬಳದ ಕಾಲುಚೀಲ ಸಾಕು.

ಹಳ್ಳದಲ್ಲಿ 100 ಮೀಟರಿನ ಒಂದು ತುಂಡನ್ನು ಟೇಪ್ ಹಿಡಿದು ಗುರುತಿಸಿ, ಇಬ್ಬರು ತಲಾ ಅರ್ಧ ಗಂಟೆ, ಕೆಳಗಿನಿಂದ ಮೇಲಕ್ಕೆ ನಡೆಯುವುದು ನಮ್ಮ ಕ್ರಮ. ಮೇಲಿನಿಂದ ಇಳಿದರೆ ಕಲಕಿದ ಕೆಸರು ನಮಗಿಂತ ಮುಂದೆ ಹೋಗುತ್ತದೆ. ಕುಣಿಯುವ ಕಪ್ಪೆಗೆ ಹಗಲು, ಬೆಳಗ್ಗೆ ಒಂಬತ್ತರಿಂದ ಹನ್ನೆರಡು. ಕುಂಬಾರ ಕಪ್ಪೆಯಂಥ ಇರುಳುಗಪ್ಪೆಗೆ ಸಂಜೆ ಏಳರಿಂದ ಹತ್ತು. ಕುಂಬಾರ ಕಪ್ಪೆಯನ್ನು 2014ರಲ್ಲಿ ವರ್ಣಿಸಿದ್ದು ಉತ್ತರ ಕನ್ನಡದ ಕತ್ತಲೆಕಾನಿನಿಂದ. ಗಂಡು ಕೈಯಲ್ಲಿ ಕೆಸರು ತಂದು ಮೊಟ್ಟೆಗಳಿಗೆ ಮೆತ್ತುತ್ತದೆ, ಆ ಹೆಸರು ಅದಕ್ಕೆ ಸಲ್ಲಬೇಕಾದದ್ದೇ. ಪ್ರತಿ ಸಲ ಬರೆಯಬೇಕಾದ್ದು: ಶುರುವಾದ ಮತ್ತು ಮುಗಿದ ಹೊತ್ತು, ನೀರಿನ ಮತ್ತು ಗಾಳಿಯ ಉಷ್ಣತೆ, ಮಳೆ ಇತ್ತೋ ಇಲ್ಲವೋ, ತಳದಲ್ಲಿ ಬಂಡೆಯೋ ಜಲ್ಲಿಯೋ ಮರಳೋ, ಕಂಡ ಮತ್ತು ಕೇಳಿದ ಕಪ್ಪೆಗಳ ಲೆಕ್ಕ ಬೇರೆ ಬೇರೆ.

ಏನೂ ಸಿಗದಿದ್ದರೆ ಸೊನ್ನೆಯನ್ನೂ ಬರೆಯಬೇಕು. ಇಲ್ಲೇ ಬಹಳ ಜನ ಸೋಮಾರಿಗಳಾಗುತ್ತಾರೆ. ಇರುವ ಕಪ್ಪೆ ಒಂದು ಭೇಟಿಯಲ್ಲಿ ಸಿಗುವ ಸಂಭವ 0.4 ಎಂದಿಟ್ಟುಕೊಳ್ಳಿ. ಮೂರು ಸಲ ಹೋದರೂ ಕಾಣದೇ ಹೋಗುವ ಸಂಭವ 0.6ರ ಘನ, ಅಂದರೆ ಶೇ. 21.6. ಐದು ಸಲಕ್ಕೆ ಶೇ. 7.8, ಆರಕ್ಕೆ ಶೇ. 4.7. ‘ಹೋದೆವು, ಇರಲಿಲ್ಲ’ ಎಂಬ ಒಂದೇ ರಾತ್ರಿಯ ಮಾತಿನ ಮೇಲೆ ಒಂದು ಹಳ್ಳವನ್ನು ನಕ್ಷೆಯಿಂದ ಅಳಿಸಲು ಬರುವುದಿಲ್ಲ.

ಆರಾರು ಸಲ ಬೆಂಗಳೂರಿನಿಂದ ಬಸ್ಸು ಹತ್ತುವುದು ಆಗದ ಮಾತಾದ್ದರಿಂದ ಧ್ವನಿ ರೆಕಾರ್ಡರ್ ಬಿಟ್ಟು ಬರುತ್ತೇವೆ. ನಾವು ಬಳಸುವುದು ಆಡಿಯೋಮಾತ್. ಅಂಗೈಗಿಂತ ಚಿಕ್ಕ ಸರ್ಕ್ಯೂಟು, ಮೂರು ಎಎ ಸೆಲ್ಲು. 48 ಕಿಲೋಹರ್ಟ್ಸ್‌ನಲ್ಲಿ ಒಂದು ನಿಮಿಷಕ್ಕೆ ಹತ್ತಿರಹತ್ತಿರ 5.8 ಎಂಬಿ. ಸಂಜೆ ಆರರಿಂದ ಬೆಳಗ್ಗೆ ಆರರವರೆಗೆ ಹತ್ತು ನಿಮಿಷಕ್ಕೊಂದು ನಿಮಿಷ ರೆಕಾರ್ಡ್ ಮಾಡಿದರೆ ರಾತ್ರಿಗೆ 72 ಫೈಲು, ಸುಮಾರು 415 ಎಂಬಿ. 32 ಜಿಬಿ ಕಾರ್ಡು ಎರಡೂವರೆ ತಿಂಗಳಿಗೆ ಬರುತ್ತದೆ, ಆದರೆ ಮಳೆಯ ತೇವದಲ್ಲಿ ಕೈಕೊಡುವುದು ಸೆಲ್ಲು, ಕಾರ್ಡಲ್ಲ. ಅಗ್ಗದ ಕಾರ್ಡುಗಳಲ್ಲಿ 32 ಎಂದು ಬರೆದು ಒಳಗೆ 8 ಇರುವಂಥವೂ ಇರುತ್ತವೆ. ಕೊಂಡ ದಿನವೇ ಕಂಪ್ಯೂಟರಿನಲ್ಲಿ ಕಾರ್ಡನ್ನು ಪೂರ್ತಿ ತುಂಬಿಸಿ ಮತ್ತೆ ಓದಿಸಿ ನೋಡಿ.

ರೆಕಾರ್ಡರ್ ವಿಷಯದಲ್ಲಿ ಹೊಸಬರು ಬೀಳುವ ಗುಂಡಿ ಗಡಿಯಾರ. ಅದು ಫೈಲಿಗೆ ಹಚ್ಚುವ ಹೊತ್ತು ಮೊದಲಿಗೆ ಗ್ರೀನಿಚ್ ಲೆಕ್ಕದ್ದು. 133000 ಎಂದು ಮುಗಿಯುವ ಫೈಲು ಮಧ್ಯಾಹ್ನ ಒಂದೂವರೆಯದಲ್ಲ, ನಮ್ಮ ಸಂಜೆ ಏಳರದು. ಇದು ತಿಳಿಯದೆ ಇರುಳುಗಪ್ಪೆ ಮಧ್ಯಾಹ್ನ ಕೂಗುತ್ತದೆ ಎಂದು ಬರೆದಿಟ್ಟರೆ ಓದಿದವರು ನಗುತ್ತಾರೆ. ಎರಡನೇ ಗುಂಡಿ ಸದ್ದು. ಜರಿ ಧುಮುಕುವ ಜಾಗದಿಂದ ಐದಾರು ಮೀಟರ್ ದೂರ, ಮೈಕು ನೀರಿಗೆ ಬೆನ್ನು ಮಾಡಿ ಇರಬೇಕು. ಜಿಪ್ ಚೀಲದೊಳಗೆ ಸಿಲಿಕಾ ಜೆಲ್ ಸಮೇತ ಇಟ್ಟರೆ ನೀರಿನಿಂದ ಕಾಪಾಡಬಹುದು, ಆದರೆ ಚೀಲದ ಮೇಲೆ ಬೀಳುವ ಒಂದೊಂದು ಹನಿಯೂ ತಮಟೆ. ತಗಡು ಹೊದಿಸಿದರೆ ಇನ್ನೂ ಜೋರು. ಒಂದು ಅಡಿಕೆ ಹಾಳೆಯನ್ನು ಮೇಲೆ ಇಳಿಜಾರಾಗಿ ಕಟ್ಟಿದರೆ ಹನಿ ಸದ್ದಿಲ್ಲದೆ ಜಾರುತ್ತದೆ, ದುಡ್ಡೂ ಬೇಡ, ತೋಟದವರನ್ನು ಕೇಳಿದರೆ ಕೊಡುತ್ತಾರೆ. ಕಟ್ಟಲು ತಂತಿ ಬೇಡ, ಸೆಣಬಿನ ಹಗ್ಗ ಸಾಕು.

ಇನ್ನು ಮೇಜಿನ ಕೆಲಸ. ನಮ್ಮ ದಾಖಲೆ, ಪ್ರಬಂಧಗಳಲ್ಲಿನ ದಾಖಲೆ, ಜನ ತಾವು ಕಂಡ ಜೀವಿಗಳ ಫೋಟೊ ಹಾಕುವ ಐನ್ಯಾಚುರಲಿಸ್ಟ್ ಮತ್ತು ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್ ಎಂಬ ತಾಣಗಳಿಂದ ಇಳಿಸಿಕೊಂಡದ್ದು, ಎಲ್ಲ ಒಂದೇ ಪಟ್ಟಿಗೆ ಬರುತ್ತದೆ. ಐನ್ಯಾಚುರಲಿಸ್ಟ್‌ನಲ್ಲಿ ಅಪಾಯದಲ್ಲಿರುವ ಜೀವಿಗಳ ಜಾಗವನ್ನು ಬೇಕೆಂದೇ ಮಸುಕು ಮಾಡಿರುತ್ತಾರೆ: 0.2 ಡಿಗ್ರಿಯ ಚೌಕದೊಳಗೆ ಎಲ್ಲೋ ಒಂದು ಕಡೆ ಚುಕ್ಕೆ. ನಮ್ಮ ಕಡೆ ಆ ಚೌಕ ಒಂದು ಬದಿಗೆ ಸುಮಾರು 22 ಕಿ.ಮೀ. ಕಳ್ಳರಿಂದ ಕಾಪಾಡಲು ಒಳ್ಳೆಯದು, ಲೆಕ್ಕಕ್ಕೆ ವಿಷ. ಪಟ್ಟಿಯಲ್ಲಿ ‘ಮಸುಕು’ ಎಂಬ ಕಾಲಂ ನೋಡದೆ ಹಾಗೇ ನಕ್ಷೆಗೆ ಹಾಕಿದರೆ ಘಟ್ಟದ ಹಳ್ಳದ ಕಪ್ಪೆ ಬೆಳ್ತಂಗಡಿಯ ರಬ್ಬರ್ ತೋಟದಲ್ಲಿ ಕೂತಿರುತ್ತದೆ. ಫೋಟೊ ತೆಗೆದವರಿಗೆ ಬರೆದು ನಿಜವಾದ ಜಾಗ ಕೇಳುತ್ತೇವೆ, ಹೆಚ್ಚಿನವರು ಕೊಡುತ್ತಾರೆ. ಕೊಡದಿದ್ದರೆ ಆ ಚುಕ್ಕೆ ಬಿಡುತ್ತೇವೆ.

ಲೆಕ್ಕ ಎರಡು. ಹೊರಗಿನ ಚುಕ್ಕೆಗಳನ್ನು ದಾರದಿಂದ ಬಿಗಿದು ಸುತ್ತಿದರೆ ಒಳಗೆ ಬರುವ ಜಾಗ ‘ಹರವು’. ಎರಡು ಕಿ.ಮೀ.ಗೆ ಎರಡು ಕಿ.ಮೀ. ಚೌಕಗಳ ಬಲೆ ಹಾಸಿ, ಕಪ್ಪೆ ಇರುವ ಚೌಕಗಳನ್ನು ಎಣಿಸಿ ನಾಲ್ಕರಿಂದ ಗುಣಿಸಿದರೆ ‘ನೆಲೆ’. ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ಎರಡೂ ಹತ್ತು ನಿಮಿಷದ ಕೆಲಸ, ಚುಕ್ಕೆಗಳನ್ನು ಮೊದಲು ಮೀಟರಿನಲ್ಲಿ ಅಳೆಯುವ ಯುಟಿಎಂ 43 ಉತ್ತರ ವಲಯಕ್ಕೆ (ತಂತ್ರಾಂಶದಲ್ಲಿ ಅದರ ಸಂಕೇತ ಇಪಿಎಸ್‌ಜಿ 32643) ಬದಲಾಯಿಸಿಕೊಂಡರೆ. ಡಿಗ್ರಿಯಲ್ಲೇ ಬಿಟ್ಟರೆ ವಿಸ್ತೀರ್ಣ ‘0.09’ ಎಂದು ಬರುತ್ತದೆ, ಯಾವುದಕ್ಕೂ ಬಾರದು. ಸರ್ವೆ ಆಫ್ ಇಂಡಿಯಾದ ಹಳೆಯ ಟೋಪೋಶೀಟಿನಿಂದ ತೆಗೆದ ಜಾಗವಾದರೆ ಅದು ಭೂಮಿಯ ಆಕಾರದ ಹಳೆಯ ‘ಎವರೆಸ್ಟ್’ ಲೆಕ್ಕದ ಆಧಾರದ್ದು, ಜಿಪಿಎಸ್ಸಿನದಲ್ಲ, ನೂರು ಮೀಟರಿಗೂ ಹೆಚ್ಚು ವ್ಯತ್ಯಾಸ ಇರಬಹುದು. ಚೌಕದ ಬಲೆಯನ್ನು ಸ್ವಲ್ಪ ಆಚೀಚೆ ಸರಿಸಿದರೆ ಎಣಿಕೆಯೂ ಬದಲಾಗುತ್ತದೆ, ಹಾಗಾಗಿ ನಾಲ್ಕೈದು ಸಲ ಸರಿಸಿ ಅತಿ ಕಡಿಮೆ ಬಂದದ್ದನ್ನು ಇಟ್ಟುಕೊಳ್ಳುತ್ತೇವೆ. ಹರವಿನೊಳಗೆ ಊರು, ತೋಟ, ಬಯಲು ಬಂದರೆ ಕತ್ತರಿಸಿ ತೆಗೆಯಬೇಕೆನಿಸುತ್ತದೆ. ತೆಗೆಯಬಾರದು. ಅಪಾಯ ಎಷ್ಟು ದೂರಕ್ಕೆ ಹಂಚಿಹೋಗಿದೆ ಎಂದು ಅಳೆಯುವ ಸಂಖ್ಯೆ ಅದು, ಕಾಡಿನ ವಿಸ್ತೀರ್ಣವಲ್ಲ.

ಹಳ್ಳದ ಕಪ್ಪೆಗಳಿಗೆ ಸಾಮಾನ್ಯವಾಗಿ ಬಳಕೆಯಾಗುವುದು ಹರವು, ನೆಲೆ ನೋಡಿ ದರ್ಜೆ ಕೊಡುವ, ಕೆಂಪು ಪಟ್ಟಿಯ ‘ಬಿ’ ಮಾನದಂಡ. ಹರವು 5,000 ಚದರ ಕಿ.ಮೀ.ಗಿಂತ ಕಡಿಮೆ, ಅಥವಾ ನೆಲೆ 500ಕ್ಕಿಂತ ಕಡಿಮೆ ಇದ್ದರೆ ‘ಅಳಿವಿನಂಚು’ ದರ್ಜೆಯ ಬಾಗಿಲು ತೆರೆಯುತ್ತದೆ. ‘ತೀವ್ರ ಅಳಿವಿನಂಚಿ’ಗೆ 100 ಮತ್ತು 10, ಅದಕ್ಕಿಂತ ಕೆಳಗಿನ ‘ಅಪಾಯಕ್ಕೆ ಈಡಾಗಬಲ್ಲ’ ದರ್ಜೆಗೆ 20,000 ಮತ್ತು 2,000. ಬಾಗಿಲು ತೆರೆದರೆ ಸಾಲದು. ತುಂಡುತುಂಡಾದ ವಾಸಸ್ಥಾನ ಅಥವಾ ಕಡಿಮೆ ‘ಲೊಕೇಶನ್’ (ಇದರ ಅರ್ಥ ಮುಂದೆ ಬರುತ್ತದೆ), ನಿಲ್ಲದ ಇಳಿಕೆ, ವಿಪರೀತ ಏರಿಳಿತ, ಈ ಮೂರರಲ್ಲಿ ಎರಡಾದರೂ ಇರಬೇಕು.

ಈಗ ಒಂದು ಸಂಗತಿ ಗಮನಿಸಿ. 500 ಚದರ ಕಿ.ಮೀ. ಎಂದರೆ 125 ಚೌಕ. ಘಟ್ಟದ ಒಂದು ಹಳ್ಳದ ಕಪ್ಪೆಗೆ 125 ಚೌಕ ತುಂಬುವಷ್ಟು ದಾಖಲೆ ಯಾರ ಹತ್ತಿರ ಇದೆ? ಹುಡುಕಿದವರೇ ಕಡಿಮೆ ಇರುವಲ್ಲಿ ನೆಲೆಯ ಸಂಖ್ಯೆ ಹೇಗೂ ಚಿಕ್ಕದಾಗಿಯೇ ಬರುತ್ತದೆ. ಅಭ್ಯಾಸಕ್ಕೊಂದು ಕಪ್ಪೆ ಇಟ್ಟುಕೊಳ್ಳೋಣ: 9 ಚೌಕ, ನೆಲೆ 36, ಹರವು 1,150. ಎರಡೂ ಅಳಿವಿನಂಚಿನ ಬಾಗಿಲೊಳಗೆ. ಇನ್ನೊಂದು ತಪ್ಪು ಚುಕ್ಕೆ ಸೇರಿ ಹರವು 6,200 ಆದರೂ ನೆಲೆಯ ಬಾಗಿಲು ಮುಚ್ಚುವುದಿಲ್ಲ. ಆದರೆ ಲೊಕೇಶನ್ 5 ಇದ್ದರೆ ಅಳಿವಿನಂಚು, 6 ಆದರೆ ಒಂದು ಮೆಟ್ಟಿಲು ಕೆಳಗೆ. ಹಾಗಾಗಿ ಹತ್ತಾರು ಚುಕ್ಕೆ ತಿದ್ದಿ ತೀಡಿದ ಮೇಲೂ ದರ್ಜೆ ನಿಲ್ಲುವುದು ಈ ಒಂದು ಅಂಕಿಯ ಮೇಲೆ.

ಲೊಕೇಶನ್ ಎಂದರೆ ಕಪ್ಪೆ ಸಿಕ್ಕ ಜಾಗ ಎಂದು ತಿಳಿಯುವುದೇ ಈ ಕೆಲಸದ ಅತಿ ದೊಡ್ಡ ತಪ್ಪು. ಒಂದು ಬೆದರಿಕೆ ಒಮ್ಮೆ ಬಂದರೆ ಎಷ್ಟು ಜಾಗದ ಕಪ್ಪೆಗಳಿಗೆ ಒಟ್ಟಿಗೆ ಹೊಡೆತ ಬೀಳುತ್ತದೋ ಅಷ್ಟೂ ಒಂದು ಲೊಕೇಶನ್. ಮೂರು ಹಳ್ಳಗಳ ನೀರನ್ನು ಒಂದೇ ಕಿರು ಜಲವಿದ್ಯುತ್ ಒಡ್ಡು ತಿರುಗಿಸಬಲ್ಲುದಾದರೆ ಮೂರೂ ಸೇರಿ ಒಂದು. ಅದೇ ಮೂರು ಹಳ್ಳಕ್ಕೆ ಬೆದರಿಕೆ ಕಾಫಿ ತೋಟದ ಪಂಪು ಮಾತ್ರವಾಗಿದ್ದು, ತೋಟ ಮೂರು ಯಜಮಾನರದಾದರೆ, ಮೂರು. ಬೆದರಿಕೆ ಗೊತ್ತಿಲ್ಲದೆ ಲೊಕೇಶನ್ ಎಣಿಸಲು ಬರುವುದಿಲ್ಲ. ‘ತೀವ್ರವಾಗಿ ತುಂಡಾಗಿದೆ’ ಎಂಬ ಪೆಟ್ಟಿಗೆಗೆ ಸುಮ್ಮನೆ ಟಿಕ್ ಹಾಕುವುದೂ ಇದೆ. ಅರ್ಧಕ್ಕಿಂತ ಹೆಚ್ಚು ಕಪ್ಪೆಗಳು ಬದುಕಿ ಉಳಿಯಲಾರದಷ್ಟು ಚಿಕ್ಕ, ದೂರದೂರದ ತುಂಡುಗಳಲ್ಲಿವೆ ಎಂದು ತೋರಿಸಬೇಕು. ನಕ್ಷೆಯಲ್ಲಿ ಹಸಿರು ಬಿಡಿಬಿಡಿಯಾಗಿ ಕಂಡರೆ ಸಾಲದು.

ಇಳಿಕೆಗೂ ಸಾಕ್ಷಿ ಬೇಕು. ಉಪಗ್ರಹದ ಮರದ ಹೊದಿಕೆಯ ದತ್ತಾಂಶ ಉಚಿತ, 30 ಮೀಟರ್ ಚೌಕದ್ದು, 2000ದಿಂದ ಈಚಿನದು. ಆದರೆ ಅದಕ್ಕೆ ಕಾಡೂ ಮರವೇ, ಸಿಲ್ವರ್ ಓಕ್ ನೆರಳಿನ ಕಾಫಿ ತೋಟವೂ ಮರವೇ, ಅಕೇಶಿಯಾ ನೆಡುತೋಪೂ ಮರವೇ. ಕಾನು ಹೋಗಿ ತೋಟ ಬಂದಲ್ಲಿ ಅದು ‘ಹೊದಿಕೆ ಹೆಚ್ಚಿದೆ’ ಎಂದೂ ಹೇಳಬಹುದು. ಮೇಲಾಗಿ ಹಳ್ಳದ ಕಪ್ಪೆಯ ಕಷ್ಟ ಮೇಲಿನಿಂದ ಕಾಣುವಂಥದ್ದಲ್ಲ. ಕುಣಿಯುವ ಕಪ್ಪೆಗಳ ಗೊದಮೊಟ್ಟೆ ಹಳ್ಳದ ತಳದ ಮರಳು, ಜಲ್ಲಿಯೊಳಗೆ ಹುದುಗಿ ಬೆಳೆಯುತ್ತದೆ. ಇದು 2016ರಲ್ಲಷ್ಟೇ ವರದಿಯಾಯಿತು. ಮರ ಒಂದೂ ಬೀಳದೆ, ಎರಡು ಟ್ರ್ಯಾಕ್ಟರ್ ಮರಳು ಎತ್ತಿದರೆ ಆ ವರ್ಷದ ಮರಿಗಳೆಲ್ಲ ಹೋದ ಹಾಗೆ. ಫೆಬ್ರವರಿ, ಮಾರ್ಚಿನಲ್ಲಿ ಹೂಮಳೆ ಕೈಕೊಟ್ಟಾಗ ಕಾಫಿಗೆ ಸ್ಪ್ರಿಂಕ್ಲರ್ ಹಾಕಲು ಹಳ್ಳಕ್ಕೇ ಪಂಪು ಇಳಿಯುತ್ತದೆ. ಬೆಳೆಗಾರರ ಸಂಕಟ ನಿಜ, ಹೂ ಕಟ್ಟದಿದ್ದರೆ ವರ್ಷದ ಫಸಲೇ ಇಲ್ಲ. ತಳದಲ್ಲಿ ತೇವ ಉಳಿಯುತ್ತದೋ ಇಲ್ಲವೋ ಎಂಬುದಷ್ಟೇ ನಮ್ಮ ಪ್ರಶ್ನೆ.

ಅದನ್ನು ಅಳೆಯಲು ದುಬಾರಿ ಯಂತ್ರ ಬೇಡ. ನೇರವಾಗಿ ಹರಿಯುವ 5 ಮೀಟರ್ ಜಾಗ ಆರಿಸಿ, ಎರಡೂ ತುದಿಯಲ್ಲಿ ಅಡ್ಡ ಹಗ್ಗ ಕಟ್ಟಿ, ಒಂದು ನಿಂಬೆಹಣ್ಣು ತೇಲಿಬಿಡಿ. ನಿಂಬೆಹಣ್ಣು ಅರ್ಧಕ್ಕಿಂತ ಹೆಚ್ಚು ಮುಳುಗಿ ತೇಲುವುದರಿಂದ ಗಾಳಿ ತಳ್ಳುವುದಿಲ್ಲ. ಐದು ಸಲ ಬಿಟ್ಟು ಸರಾಸರಿ ಹೊತ್ತು ತೆಗೆಯಿರಿ. 20 ಸೆಕೆಂಡು ಎಂದರೆ ಸೆಕೆಂಡಿಗೆ 0.25 ಮೀಟರ್. ಮೇಲ್ಮೈ ನೀರು ತಳಕ್ಕಿಂತ ಜೋರಾಗಿ ಓಡುವುದರಿಂದ 0.8ರಿಂದ ಗುಣಿಸಿ, 0.2. ಅಗಲ 1.2 ಮೀಟರ್, ಸರಾಸರಿ ಆಳ 15 ಸೆಂ.ಮೀ. ಇದ್ದರೆ ಸೆಕೆಂಡಿಗೆ 36 ಲೀಟರ್. ಪಂಪು ಓಡುವ ದಿನ ಒಮ್ಮೆ, ಓಡದ ದಿನ ಒಮ್ಮೆ, ಅದೇ ಜಾಗದಲ್ಲಿ. ಜೊತೆಗೆ ಅಲುಗದ ಒಂದು ಬಂಡೆಯ ಮೇಲೆ ಗೆರೆ ಎಳೆದು, ಅಲ್ಲಿಂದ ನೀರಿನ ಮೇಲ್ಮೈವರೆಗೆ ಟೇಪ್ ಹಿಡಿದ ಫೋಟೊ. ಇಂಥ ನಾಲ್ಕು ವರ್ಷದ ಫೋಟೊ ಇದ್ದರೆ ‘ವಾಸಸ್ಥಾನದ ಗುಣಮಟ್ಟ ಇಳಿಯುತ್ತಿದೆ’ ಎಂಬ ವಾಕ್ಯವನ್ನು ಯಾವ ವಿಮರ್ಶಕರ ಮುಂದೆಯೂ ಧೈರ್ಯವಾಗಿ ಇಡಬಹುದು. ಇಲ್ಲದಿದ್ದರೆ ಅದು ‘ಊಹಿಸಿದ್ದು’ ಎಂದೇ ಬರೆಯಬೇಕು. ಊಹೆಗೂ ನಿಯಮದಲ್ಲಿ ಜಾಗವಿದೆ, ಆದರೆ ಊಹೆಯನ್ನು ಕಂಡದ್ದೆಂದು ಬರೆಯಲು ಇಲ್ಲ.

ಎಲ್ಲ ಸೇರಿದಾಗ ನಮ್ಮ ಅಭ್ಯಾಸದ ಕಪ್ಪೆ, ಲೊಕೇಶನ್ 4 ಬಂದರೆ, ‘ಅಳಿವಿನಂಚು, ಬಿ1ಎಬಿ(3)+2ಎಬಿ(3)’ ಎಂಬ ಸಾಲಾಗುತ್ತದೆ. ಬಿ1 ಎಂದರೆ ಹರವು, 2 ಎಂದರೆ ನೆಲೆ, ಅವುಗಳ ಮುಂದಿನ ಎ ಎಂದರೆ ಕಡಿಮೆ ಲೊಕೇಶನ್, ಬಿ ಎಂದರೆ ನಿಲ್ಲದ ಇಳಿಕೆ, ಮೂರು ಎಂದರೆ ವಾಸಸ್ಥಾನದ ವಿಸ್ತೀರ್ಣ ಅಥವಾ ಗುಣದ ಇಳಿಕೆ. ದರ್ಜೆ ಏರಿಸಿದರೆ ಕಪ್ಪೆಗೆ ಅನುದಾನ ಬರುತ್ತದೆ ಎಂದು ಲೊಕೇಶನ್ ಒಂದನ್ನು ಕಡಿಮೆ ಮಾಡುವ ಆಸೆ ಯಾರಿಗಾದರೂ ಬರುತ್ತದೆ. ವಿಮರ್ಶೆಯಲ್ಲಿ ಸಿಕ್ಕಿಬೀಳುತ್ತದೆ, ಅದಕ್ಕಿಂತ ಮುಖ್ಯವಾಗಿ, ಮುಂದಿನ ಸಲ ಸರಿಯಾಗಿ ಎಣಿಸಿದವರು ಕಪ್ಪೆ ‘ಚೇತರಿಸಿಕೊಂಡಿದೆ’ ಎಂದು ಬರೆಯಬೇಕಾಗುತ್ತದೆ. ಎದುರು ದಿಕ್ಕಿನ ತಪ್ಪೂ ಉಂಟು: ಸ್ವಲ್ಪ ಅನುಮಾನ ಬಂದರೆ ‘ಮಾಹಿತಿ ಸಾಲದು’ ಎಂದು ಬರೆದು ಕೈತೊಳೆದುಕೊಳ್ಳುವುದು. ಅದು ಹೆಸರೇ ಗೊಂದಲದಲ್ಲಿರುವ, ಜಾಗವೇ ಖಚಿತವಿಲ್ಲದ ಪ್ರಭೇದಗಳಿಗೆ ಇರುವ ದರ್ಜೆ, ಬಚ್ಚಿಟ್ಟುಕೊಳ್ಳುವ ಮೂಲೆಯಲ್ಲ.

ಮೌಲ್ಯಮಾಪನಕ್ಕೆ ಹತ್ತು ವರ್ಷ ಆಯಸ್ಸು, ಆಮೇಲೆ ಅದು ಹಳತು. ಅಷ್ಟರೊಳಗೆ ಮತ್ತೆ ಅದೇ 100 ಮೀಟರ್, ಅದೇ ಹೊತ್ತು, ಅದೇ ಇಬ್ಬರ ಲೆಕ್ಕ ಆಗಬೇಕು. ಬಂಡೆಯ ಮೇಲಿನ ಗೆರೆ ಎರಡು ಮಳೆಗಾಲಕ್ಕೇ ಪಾಚಿ ಕಟ್ಟಿ ಮುಚ್ಚಿಹೋಗುತ್ತದೆ. ಬಣ್ಣ ನಿಲ್ಲುವುದಿಲ್ಲ, ಉಳಿಯಲ್ಲಿ ಕೊರೆಯಲು ಇಲಾಖೆ ಬಿಡುವುದಿಲ್ಲ. ಆದ್ದರಿಂದ ಗೆರೆಯ ಎತ್ತರವನ್ನು ದಡದ ದೊಡ್ಡ ಮರದ ಬುಡದಿಂದ ಅಳೆದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇವೆ, ಪೆನ್ಸಿಲಿನಲ್ಲಿ. ಪೆನ್ನಿನ ಶಾಯಿ ಮಳೆಗೆ ನಿಲ್ಲುವುದಿಲ್ಲ.